ಮಾತು ಕೇಳುವ ಗಾಡಿ

ತಿಪಟೂರು ಭೂಮಧ್ಯರೇಖೆಯಿಂದ ಸುಮಾರು 13 ಡಿಗ್ರಿ ಉತ್ತರಕ್ಕಿದೆ. ಆ ಅಕ್ಷಾಂಶದಲ್ಲಿ ನೆಲ ಗಂಟೆಗೆ 1,600 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಪೂರ್ವಕ್ಕೆ ಸುತ್ತುತ್ತಿದೆ. ಮಧ್ಯಾಹ್ನದ ಊಟ ಮುಗಿಸಿ ತೋಟದ ನೆರಳಲ್ಲಿ ಅಡ್ಡಾದವರು, ಅವರ ಚಾಪೆ, ಪಕ್ಕದ ಮರ, ಮರದ ಮೇಲಿನ ಗೊನೆ, ಎಲ್ಲವೂ ಆ ವೇಗದಲ್ಲೇ ಸಾಗುತ್ತಿವೆ. ಜಗತ್ತಿನ ಯಾವ ರಸ್ತೆ ಕಾರೂ ಅದರ ಮೂರರಲ್ಲೊಂದು ಪಾಲನ್ನು ಮುಟ್ಟಿಲ್ಲ. ಆದರೂ ಚಾಪೆಯ ಮೇಲಿದ್ದವರಿಗೆ ಮೈ ಜುಮ್ಮೆನ್ನುವುದಿಲ್ಲ, ಜೊಂಪು ಹತ್ತುತ್ತದೆ. ಸಮವೇಗದ ಚಲನೆಯನ್ನು ಒಳಗಿದ್ದವರು ಗುರುತಿಸಲಾರರು ಎಂದು ಗೆಲಿಲಿಯೊ 1632ರಲ್ಲೇ ಹಡಗಿನ ಒಳಕೋಣೆಯ ಉದಾಹರಣೆ ಕೊಟ್ಟು ವಾದಿಸಿದ್ದ. ನಮ್ಮ ದೇಹದ ರಚನೆಯೂ ಅದನ್ನೇ ಹೇಳುತ್ತದೆ. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸಣ್ಣ ಹರಳುಗಳು ಲೋಳೆಯಂಥ ಪದರವೊಂದರ ಮೇಲೆ ಕೂತಿವೆ. ತಲೆ ಥಟ್ಟನೆ ಮುಂದಕ್ಕೆ ಸರಿದಾಗ ಹರಳುಗಳು ಜಡತ್ವದಿಂದ ಹಿಂದುಳಿಯುತ್ತವೆ, ಅಡಿಯಲ್ಲಿರುವ ಸೂಕ್ಷ್ಮ ರೋಮಗಳು ಬಾಗುತ್ತವೆ, ಮಿದುಳಿಗೆ ಸುದ್ದಿ ಹೋಗುತ್ತದೆ. ವೇಗ ಒಂದೇ ಸಮನಾದ ಕೂಡಲೇ ಹರಳುಗಳು ಸ್ವಸ್ಥಾನಕ್ಕೆ ಮರಳುತ್ತವೆ, ಸುದ್ದಿ ನಿಲ್ಲುತ್ತದೆ. ಪಕ್ಕದಲ್ಲೇ ಇರುವ ಮೂರು ಅರೆವರ್ತುಲ ನಾಳಗಳು ತಲೆಯ ಹೊರಳುವಿಕೆಯನ್ನು ಹೆಚ್ಚುಕಡಿಮೆ ಹೀಗೇ ಅಳೆಯುತ್ತವೆ. ಗಾಳಿಯ ಸದ್ದು, ಹಿಂದೆ ಸರಿಯುವ ಮರಗಳು ವೇಗದ ಅಂದಾಜು ಕೊಡುತ್ತವೆ ನಿಜ. ಆದರೆ ವೇಗವನ್ನೇ ಅಳೆಯುವ ಅಂಗ ನಮಗಿಲ್ಲ. ಇರುವುದು ವೇಗ ಬದಲಾಗುವುದನ್ನು, ಅಂದರೆ ವೇಗೋತ್ಕರ್ಷವನ್ನು ಅಳೆಯುವ ಅಂಗ.

ಸ್ಪೋರ್ಟ್ಸ್ ಕಾರಿನ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ ‘ಎಷ್ಟು ಓಡುತ್ತೆ?’ ಎಂಬುದು. ಮೇಲಿನ ಕಾರಣಕ್ಕೆ ಅದು ಹೆಚ್ಚು ಉಪಯೋಗದ ಪ್ರಶ್ನೆಯಲ್ಲ. ಬೈಕ್ ಕೊಳ್ಳಹೊರಟ ಹುಡುಗರು ಕೇಳುವ ‘ಪಿಕಪ್ ಹೇಗಿದೆ?’ ಎಂಬ ಪ್ರಶ್ನೆಯೇ ವಿಜ್ಞಾನಕ್ಕೆ ಹತ್ತಿರ. ಅದನ್ನೂ ಸ್ವಲ್ಪ ಹಿಗ್ಗಿಸಬೇಕಾಗುತ್ತದೆ. ವೇಗ ಏರುವುದು ಮಾತ್ರವಲ್ಲ, ಇಳಿಯುವುದು ಮತ್ತು ದಿಕ್ಕು ಬದಲಾಗುವುದು ಕೂಡ ಭೌತಶಾಸ್ತ್ರದ ಲೆಕ್ಕದಲ್ಲಿ ವೇಗೋತ್ಕರ್ಷವೇ. ಬ್ರೇಕೂ ತಿರುವೂ ಪಿಕಪ್ಪಿನ ಒಡಹುಟ್ಟುಗಳು. ಇವು ಮೂರನ್ನೂ ಚಾಲಕ ಬಯಸಿದ ಗಳಿಗೆಯಲ್ಲಿ, ಬಯಸಿದಷ್ಟೇ, ತಡವಿಲ್ಲದೆ ನಡೆಸಿಕೊಡುವುದೇ ಸ್ಪೋರ್ಟ್ಸ್ ಕಾರಿನ ಕಸುಬು ಎಂಬುದು ಈ ಅಧ್ಯಾಯದ ವಾದ. ಕಾರಿನ ಪ್ರಚಾರಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗುವ ಗರಿಷ್ಠ ವೇಗವೂ ಅಶ್ವಶಕ್ತಿಯೂ ಆ ಕಸುಬಿನ ಸಾಧನಗಳು, ಕೆಲವೊಮ್ಮೆ ಅಡ್ಡಿಗಳು ಕೂಡ.

ಅಶ್ವಶಕ್ತಿ ಹೆಚ್ಚಿದರೆ ಪಿಕಪ್ ಹೆಚ್ಚುತ್ತದಲ್ಲವೇ ಎಂಬುದು ಸಹಜ ಆಕ್ಷೇಪ. ಹೆಚ್ಚುತ್ತದೆ, ಒಂದು ಮಿತಿಯವರೆಗೆ. ಆ ಮಿತಿಯನ್ನು ಹಾಕುವುದು ಎಂಜಿನ್ ಅಲ್ಲ, ಟೈರು. 1,500 ಕಿಲೋ ತೂಕದ ಕಾರಿನ ಪ್ರತಿ ಚಕ್ರದ ಮೇಲೆ ಸುಮಾರು 375 ಕಿಲೋ ಭಾರ ಬೀಳುತ್ತದೆ. ಟೈರಿನೊಳಗಿನ ಗಾಳಿಯ ಒತ್ತಡದಿಂದ ಆ ಭಾರವನ್ನು ಭಾಗಿಸಿದರೆ ನೆಲಕ್ಕೆ ತಾಗುವ ರಬ್ಬರಿನ ವಿಸ್ತಾರ ಸಿಗುತ್ತದೆ: ಹೆಚ್ಚುಕಡಿಮೆ 13 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ. ಕೋಟಿಗಟ್ಟಲೆ ರೂಪಾಯಿಯ ಕಾರು ನೆಲದೊಡನೆ ನಡೆಸುವ ಇಡೀ ವ್ಯವಹಾರ ಈ ನಾಲ್ಕು ತುಂಡುಗಳಲ್ಲೇ ಮುಗಿಯಬೇಕು. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿನ ಘರ್ಷಣಾಂಕ ಸುಮಾರು 1. ಅಂದರೆ ಕಾರಿನ ತೂಕದಷ್ಟೇ ಬಲವನ್ನು ಅದು ಮುಂದಕ್ಕೆ ದೂಡಲು ಬಳಸಬಹುದು. ಆಗ ಸಿಗುವ ವೇಗೋತ್ಕರ್ಷ ಗುರುತ್ವದಷ್ಟೇ: ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತದೆ. ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ 27.8 ಮೀಟರ್. ಭಾಗಿಸಿ ನೋಡಿ, ಸುಮಾರು 2.8 ಸೆಕೆಂಡ್. ನಾಲ್ಕು ಚಕ್ರಗಳಿಗೂ ಬಲ ಹಂಚಿ, ಸಾವಿರವಲ್ಲ ಹತ್ತು ಸಾವಿರ ಅಶ್ವಶಕ್ತಿ ತುಂಬಿದರೂ ಆ ಟೈರು ಅದಕ್ಕಿಂತ ಬೇಗ ನೂರು ಮುಟ್ಟಿಸಲಾರದು. ಮಿಕ್ಕ ಶಕ್ತಿ ಹೊಗೆಯಾಗಿ ಹೋಗುತ್ತದೆ. ಸುಗ್ಗಿಯ ಕಾಲದಲ್ಲಿ ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ರಸ್ತೆಗಳ ಮೇಲೆ ರಾಗಿ, ಹುರುಳಿ ಒಕ್ಕಣೆಗೆ ಹರಡುವುದುಂಟು. ಒಣಹುಲ್ಲಿನ ಮೇಲೆ ಘರ್ಷಣಾಂಕ 0.3ಕ್ಕೆ ಇಳಿಯಿತೆಂದು ಇಟ್ಟುಕೊಂಡರೆ ಅದೇ ಕಾರಿಗೆ ನೂರು ಮುಟ್ಟಲು ಒಂಬತ್ತು ಸೆಕೆಂಡ್ ದಾಟುತ್ತದೆ. ನಿಲ್ಲಲೂ ಅಷ್ಟೇ ಕಾಲ ಬೇಕು ಎಂಬುದು ಹೆಚ್ಚು ಆತಂಕದ ವಿಷಯ. ದ್ವಿಚಕ್ರದವರು ಅಲ್ಲಿ ಜಾರಿ ಬೀಳುವುದು ಇದೇ ಲೆಕ್ಕದಿಂದ.

ಎರಡು ಸೆಕೆಂಡಿನೊಳಗೆ ನೂರು ಮುಟ್ಟುವ ಕಾರುಗಳಿವೆಯಲ್ಲ, ಅವು ಹೇಗೆ? ಅಂಟು ಹೆಚ್ಚಿರುವ ವಿಶೇಷ ರಬ್ಬರಿನಿಂದ, ಇಲ್ಲವೇ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ಉಪಾಯದಿಂದ. 2023ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ ಮತ್ತು ಲೂಸರ್ನ್ ವಿದ್ಯಾರ್ಥಿಗಳು ಕಟ್ಟಿದ ‘ಮೈಥನ್’ ಎಂಬ ಎಲೆಕ್ಟ್ರಿಕ್ ಗಾಡಿ ನಿಂತ ನೆಲದಿಂದ ನೂರಕ್ಕೆ 0.956 ಸೆಕೆಂಡಿನಲ್ಲಿ ತಲುಪಿತು, 12.3 ಮೀಟರ್ ದೂರದೊಳಗೆ. ಅದರ ತೂಕ ಸುಮಾರು 140 ಕಿಲೋ, ಸಾಮರ್ಥ್ಯ 326 ಅಶ್ವಶಕ್ತಿ. ಅಡಿಭಾಗದ ಗಾಳಿಯನ್ನು ಫ್ಯಾನು ಹೀರಿ ಗಾಡಿಯನ್ನು ನೆಲಕ್ಕೆ ಅಂಟಿಸಿತ್ತು. ತೂಕ ಏರದೆ ಟೈರಿನ ಮೇಲಿನ ಒತ್ತಡ ಮಾತ್ರ ಏರಿತು. ಪೋರ್ಶೆ 911 ಜಿಟಿ3 ಆರ್‌ಎಸ್ ತನ್ನ ದೊಡ್ಡ ರೆಕ್ಕೆಯಿಂದ ಅದೇ ಕೆಲಸ ಮಾಡುತ್ತದೆ: ಗಂಟೆಗೆ 285 ಕಿಲೋಮೀಟರಿನಲ್ಲಿ ಗಾಳಿಯೇ ಅದನ್ನು 860 ಕಿಲೋ ಭಾರದಷ್ಟು ಕೆಳಕ್ಕೆ ಒತ್ತುತ್ತದೆ. ಎರಡರಲ್ಲೂ ಜಾಣ್ಮೆ ಖರ್ಚಾದದ್ದು ಎಂಜಿನ್ನಿಗಿಂತ ಹೆಚ್ಚಾಗಿ ಆ ನಾಲ್ಕು ರಬ್ಬರ್ ತುಂಡುಗಳ ಮೇಲೆ.

ಹಗುರತನದ ಪಾಠಕ್ಕೆ ದೂರ ಹೋಗಬೇಕಿಲ್ಲ, ಬೆಂಗಳೂರು ಸಾಕು. 1970ರ ದಶಕದಲ್ಲಿ ಅಲ್ಲಿ ಸನ್‌ರೈಸ್ ಆಟೊಮೋಟಿವ್ ಇಂಡಸ್ಟ್ರೀಸ್ ಎಂಬ ಹೆಸರಿನಲ್ಲಿ ಶುರುವಾಗಿ, ‘ಬಾದಲ್’ ಎಂಬ ಮೂರು ಚಕ್ರದ ವಿಚಿತ್ರ ಗಾಡಿ ಮಾಡುತ್ತಿದ್ದ ಕಂಪನಿ ಮುಂದೆ ಸಿಪಾನಿ ಆಯಿತು. 1982ರಲ್ಲಿ ಅದು ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿ ‘ಡಾಲ್ಫಿನ್’ ತಂದಿತು: ಎರಡು ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಸುಮಾರು 40 ಅಶ್ವಶಕ್ತಿ. ಆ ಕಾಲದ ಪ್ರೀಮಿಯರ್ ಪದ್ಮಿನಿಯದೂ ಸುಮಾರು ಅಷ್ಟೇ ಶಕ್ತಿ. ಆದರೆ ಪದ್ಮಿನಿ 900 ಕಿಲೋ ಹತ್ತಿರವಿದ್ದರೆ ಡಾಲ್ಫಿನ್ 600 ಕಿಲೋ ಒಳಗಿತ್ತು. ಟನ್ನಿನ ಲೆಕ್ಕಕ್ಕೆ ತಂದರೆ ಪದ್ಮಿನಿಗೆ 44 ಅಶ್ವಶಕ್ತಿ, ಡಾಲ್ಫಿನ್‌ಗೆ 66ಕ್ಕೂ ಹೆಚ್ಚು. ಅದೇ ಕುದುರೆಗಳು, ಹೊರೆ ಮಾತ್ರ ಮೂರನೇ ಎರಡು. ಸಂಸಾರಸ್ಥರು ಅದನ್ನು ಅನುಮಾನದಿಂದ ನೋಡಿದರೂ ರ‍್ಯಾಲಿ ಮತ್ತು ರೇಸಿನವರು ಒಲವಿನಿಂದ ಎತ್ತಿಕೊಂಡದ್ದು ಇದಕ್ಕೇ. 1983ರ ಕೊನೆಗೆ ಮಾರುತಿ 800 ಬಂದ ಮೇಲೆ ಡಾಲ್ಫಿನ್ ಉಳಿಯಲಿಲ್ಲ. ಅದನ್ನು ಸೋಲಿಸಿದ್ದು ವೇಗವಲ್ಲ. ನಾಲ್ಕು ಬಾಗಿಲಿನ ಅನುಕೂಲ, ಎಲ್ಲೆಡೆ ಸಿಗುವ ಬಿಡಿಭಾಗ, ನಂಬಿಕೆ. ನಮ್ಮ ನಾಡಿನ ಮೋಟಾರು ಚರಿತ್ರೆಯಲ್ಲಿ ಸ್ಪೋರ್ಟ್ಸ್ ಕಾರಿನ ತತ್ವಕ್ಕೆ ಅತಿ ಹತ್ತಿರ ಬಂದ ಅಗ್ಗದ ಕಾರು ಅದೇ ಎಂದು ನನ್ನ ಅಭಿಪ್ರಾಯ, ಅದನ್ನು ಮಾಡಿದವರ ಉದ್ದೇಶ ಅದಾಗಿರದಿದ್ದರೂ. 1989ರಲ್ಲಿ ಬಂದ ಜಪಾನಿನ ಮಾಜ್ದಾ ಎಂಎಕ್ಸ್-5 ಇದೇ ತತ್ವವನ್ನು ಬೇಕೆಂದೇ ಹಿಡಿಯಿತು: ಟನ್ನಿಗಿಂತ ಕಡಿಮೆ ತೂಕ, ಸುಮಾರು 115 ಅಶ್ವಶಕ್ತಿ. ಇಷ್ಟು ಸಾಧಾರಣ ಎಂಜಿನ್ನಿನ ಆ ಕಾರಿನ ತಯಾರಿಕೆ 2016ರ ಹೊತ್ತಿಗೆ ಹತ್ತು ಲಕ್ಷ ದಾಟಿತು. ಥ್ರಿಲ್ಲು ಅಶ್ವಶಕ್ತಿಯ ಅಳತೆಗೆ ತಕ್ಕಂತೆ ಹುಟ್ಟುವುದಾಗಿದ್ದರೆ ಅದು ನಡೆಯಬಾರದಿತ್ತು.

ಇಲ್ಲಿ ಭೌತಶಾಸ್ತ್ರ ಓದಿದವರು ಒಂದು ಒಳ್ಳೆಯ ಆಕ್ಷೇಪ ಎತ್ತಬಹುದು. ತಿರುವಿನಲ್ಲಿ ಬೇಕಾದ ಬಲ ತೂಕಕ್ಕೆ ತಕ್ಕಂತೆ ಏರುತ್ತದೆ, ಟೈರಿನ ಹಿಡಿತವೂ ತೂಕಕ್ಕೆ ತಕ್ಕಂತೆ ಏರುತ್ತದೆ. ಸಮೀಕರಣದ ಎರಡೂ ಕಡೆ ತೂಕ ಹೊಡೆದುಹೋಗುತ್ತದೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ಘರ್ಷಣಾಂಕ 0.9 ಇದ್ದರೆ ಲಾರಿಯಾಗಲಿ ಕಾರಾಗಲಿ ಗಂಟೆಗೆ 76 ಕಿಲೋಮೀಟರ್ ದಾಟುವಂತಿಲ್ಲ. ಹಾಗಿದ್ದ ಮೇಲೆ ಹಗುರವಾಗಿ ಏನು ಲಾಭ? ಪುಸ್ತಕದ ಘರ್ಷಣೆಗೆ ಈ ಮಾತು ಸರಿ, ರಬ್ಬರಿಗೆ ಸರಿಯಲ್ಲ. ರಬ್ಬರಿನ ಮೇಲೆ ಭಾರ ಇಮ್ಮಡಿಸಿದರೆ ಹಿಡಿತ ಇಮ್ಮಡಿಸುವುದಿಲ್ಲ, ಅದಕ್ಕಿಂತ ಕಡಿಮೆ ಏರುತ್ತದೆ. ಹೀಗಾಗಿ ಭಾರದ ಕಾರು ಪ್ರತಿ ಕಿಲೋಗೂ ಸ್ವಲ್ಪ ಸ್ವಲ್ಪ ಕಳೆದುಕೊಳ್ಳುತ್ತಾ ಹೋಗುತ್ತದೆ. ಎತ್ತರದ ಕಾರಿನದು ಇನ್ನೂ ಕಷ್ಟ: ತಿರುವಿನಲ್ಲಿ ಅದರ ಭಾರ ಹೊರಗಿನ ಎರಡು ಟೈರುಗಳ ಮೇಲೆ ವಾಲುತ್ತದೆ, ಒಳಗಿನವು ದುಡಿಯದೆ ಉಳಿಯುತ್ತವೆ. ಸ್ಪೋರ್ಟ್ಸ್ ಕಾರು ನೆಲಕ್ಕೆ ಅಂಟಿಕೊಂಡಂತೆ ಕುಳ್ಳಗಿರುವುದು ಚಂದಕ್ಕಲ್ಲ. ಇದಕ್ಕಿಂತ ಮುಖ್ಯವಾದದ್ದು ತೂಕ ಎಷ್ಟಿದೆ ಎಂಬುದರ ಜೊತೆಗೆ ಎಲ್ಲಿದೆ ಎಂಬುದು. ಅಡ್ಡೆಯ ಎರಡೂ ತುದಿಗೆ ತೆಂಗಿನಕಾಯಿ ಕುಕ್ಕೆ ತೂಗುಹಾಕಿ ಹೊತ್ತವರು ಥಟ್ಟನೆ ತಿರುಗಲು ಹೋದರೆ ಕುಕ್ಕೆಗಳು ಮೊದಲು ತಡೆಯುತ್ತವೆ, ತಿರುಗಲು ಶುರುವಾದ ಮೇಲೆ ನಿಲ್ಲಲು ಬಿಡುವುದಿಲ್ಲ. ಅಷ್ಟೇ ಕಾಯಿಗಳನ್ನು ಎದೆಗವಚಿಕೊಂಡವರು ಸಲೀಸಾಗಿ ತಿರುಗಿ ನಿಲ್ಲುತ್ತಾರೆ. ಭಾರ ಒಂದೇ, ಹರಡಿದ ಬಗೆ ಬೇರೆ. 1966ರಲ್ಲಿ ಲ್ಯಾಂಬೊರ್ಗಿನಿ ಮಿಯುರಾ ತನ್ನ 12 ಸಿಲಿಂಡರಿನ ದೊಡ್ಡ ಎಂಜಿನ್ನನ್ನು ಚಾಲಕನ ಬೆನ್ನ ಹಿಂದೆ, ಎರಡು ಅಚ್ಚುಗಳ ನಡುವೆ ಅಡ್ಡಡ್ಡ ಇಟ್ಟದ್ದು ಈ ತತ್ವದ ಮೇಲೆ. ಸಾಮಾನು ಇಡುವ ಜಾಗ ಕುಗ್ಗಿತು, ಕ್ಯಾಬಿನ್ ಕಾವಲಿಯಂತೆ ಕಾಯುತ್ತಿತ್ತು, ಆದರೆ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ತಿರುಗಿತು.

ಗರಿಷ್ಠ ವೇಗದ ಮಾತನ್ನು ಬೇಗ ಮುಗಿಸಬಹುದು. ಗಾಳಿಯನ್ನು ಸೀಳಲು ಬೇಕಾದ ಸಾಮರ್ಥ್ಯ ವೇಗದ ಘನದಷ್ಟು ಏರುತ್ತದೆ. 200ರಿಂದ 400ಕ್ಕೆ ಹೋಗಬೇಕೆಂದರೆ ಎಂಟು ಪಟ್ಟು. 2005ರ ಬುಗಾಟಿ ವೇಯ್ರಾನ್ 1,001 ಅಶ್ವಶಕ್ತಿಯಿಂದ 407 ಮುಟ್ಟಿತು. ಆ ವೇಗದಲ್ಲಿ ಅದರ 100 ಲೀಟರ್ ಟ್ಯಾಂಕು ಸುಮಾರು 12 ನಿಮಿಷದಲ್ಲಿ ಬರಿದಾಗುತ್ತದೆ: ತಿಪಟೂರಿನಲ್ಲಿ ತುಂಬಿಸಿಕೊಂಡು ಹೊರಟರೆ ತುಮಕೂರು ದಾಟುತ್ತಿದ್ದಂತೆ ಬಂಕು ಹುಡುಕಬೇಕು. ಆ ಶಕ್ತಿಯ ಬಿಸಿಯನ್ನು ಹೊರಹಾಕಲು ಹತ್ತು ರೇಡಿಯೇಟರು, ಅವನ್ನೆಲ್ಲ ಹೊರಲು ಸುಮಾರು 1,900 ಕಿಲೋ ತೂಕ. ಗರಿಷ್ಠ ವೇಗವನ್ನು ಬೆನ್ನಟ್ಟಿದ ಕಾರು ತಿರುವಿನಲ್ಲಿ ತೆರಬೇಕಾದ ಬೆಲೆ ಅದು.

ಎಂಜಿನ್ನಿನ ವಿಷಯದಲ್ಲಿ ನಿಜವಾಗಿ ಕೇಳಬೇಕಾದದ್ದು ಶಕ್ತಿ ಎಷ್ಟಿದೆ ಎಂದಲ್ಲ, ಎಷ್ಟು ಬೇಗ ಕೈಗೆ ಸಿಗುತ್ತದೆ ಎಂದು. ಇಲ್ಲಿ ಕಲ್ಪತರು ನಾಡಿನ ಒಂದು ವಸ್ತು ಕಥೆಯೊಳಕ್ಕೆ ಬರುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ರೈತರು ಬಲಿತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಡಿಸಿಕೊಂಡ ಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು ಉಂಡೆ ಕೊಬ್ಬರಿ ತೆಗೆಯುತ್ತಾರೆ. ಉಳಿಯುವ ಚಿಪ್ಪನ್ನು ಗಾಳಿ ಸಾಲದಂತೆ ಸುಟ್ಟರೆ ತೂಕದ ಮೂರನೇ ಒಂದು ಪಾಲಿನಷ್ಟು ಇದ್ದಿಲು ಸಿಗುತ್ತದೆ. ಆ ಇದ್ದಿಲನ್ನು 900 ಡಿಗ್ರಿ ಆಸುಪಾಸಿನಲ್ಲಿ ಹಬೆಗೆ ಒಡ್ಡಿದರೆ ಅದರೊಳಗೆ ಕಣ್ಣಿಗೆ ಕಾಣದ ರಂಧ್ರಗಳು ಕೊರೆದುಕೊಳ್ಳುತ್ತವೆ. ಅದೇ ಸಕ್ರಿಯ ಇಂಗಾಲ. ಅದರ ಒಂದು ಗ್ರಾಂ ಪುಡಿಯ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,500 ಚದರ ಮೀಟರ್, ಹತ್ತಿರ ಹತ್ತಿರ 15 ಗುಂಟೆ. ಚಿಪ್ಪು ಗಟ್ಟಿ, ಬೂದಿ ಕಡಿಮೆ, ಮತ್ತು ಅದರ ರಂಧ್ರಗಳು ಬಹುಪಾಲು ಎರಡು ನ್ಯಾನೊಮೀಟರಿಗಿಂತ ಸಣ್ಣವು. ಅಯಾನುಗಳು ನುಸುಳಿ ಗೋಡೆಗೆ ಒತ್ತಿ ನಿಲ್ಲಲು ಹೇಳಿಮಾಡಿಸಿದ ಅಳತೆ. ಸೂಪರ್‌ಕೆಪಾಸಿಟರ್ ಎಂಬ ವಿದ್ಯುತ್ ಸಂಗ್ರಾಹಕಗಳ ಎಲೆಕ್ಟ್ರೋಡಿಗೆ ಜಗತ್ತಿನಾದ್ಯಂತ ಹೆಚ್ಚಾಗಿ ಬಳಕೆಯಾಗುವುದು ಈ ತೆಂಗಿನ ಚಿಪ್ಪಿನ ಇಂಗಾಲವೇ. ಬ್ಯಾಟರಿಯಲ್ಲಿ ವಿದ್ಯುತ್ತು ರಾಸಾಯನಿಕ ಕ್ರಿಯೆಯ ಮೂಲಕ ಒಳಹೊಕ್ಕು ಹೊರಬರಬೇಕು. ಸೂಪರ್‌ಕೆಪಾಸಿಟರಿನಲ್ಲಿ ಅಯಾನುಗಳು ಇಂಗಾಲದ ಮೈಮೇಲೆ ಸುಮ್ಮನೆ ಜಮಾಯಿಸುತ್ತವೆ, ಕರೆದ ಕೂಡಲೇ ಬಿಟ್ಟುಹೊರಡುತ್ತವೆ. ಒಂದು ಕಿಲೋದಲ್ಲಿ ಅದು ಹಿಡಿದಿಡುವುದು ಐದೆಂಟು ವ್ಯಾಟ್-ಗಂಟೆ, ಲಿಥಿಯಂ ಬ್ಯಾಟರಿಯ ಮೂವತ್ತನೇ ಒಂದಂಶದ ಆಸುಪಾಸು. ಆದರೆ ಇರುವುದನ್ನೆಲ್ಲ ಸೆಕೆಂಡುಗಳಲ್ಲಿ ಸುರಿದುಬಿಡುತ್ತದೆ, ಸೆಕೆಂಡುಗಳಲ್ಲಿ ತುಂಬಿಕೊಳ್ಳುತ್ತದೆ, ಲಕ್ಷಾಂತರ ಸಲ.

ಇಷ್ಟು ಕಡಿಮೆ ಹಿಡಿಯುವ ವಸ್ತುವಿನಿಂದ ಏನು ಪ್ರಯೋಜನ ಎಂದರೆ ಲೆಕ್ಕ ಹಾಕಿ ನೋಡಬೇಕು. 1,600 ಕಿಲೋ ಕಾರು ಗಂಟೆಗೆ 100ರಲ್ಲಿ ಓಡುವಾಗ ಅದರ ಚಲನಶಕ್ತಿ ಕರೆಂಟ್ ಬಿಲ್ಲಿನ ಒಂದು ಯೂನಿಟ್ಟಿನ ಆರನೇ ಒಂದು ಪಾಲು, ಅಷ್ಟೇ. ಗಾಬರಿ ಹುಟ್ಟಿಸುವುದು ಮೊತ್ತವಲ್ಲ, ಅವಸರ: ಜೋರಾಗಿ ಬ್ರೇಕು ಒತ್ತಿದರೆ ಅಷ್ಟೂ ಮೂರು ಸೆಕೆಂಡಿನೊಳಗೆ ಹೊರಬರಬೇಕು, ಅಂದರೆ 200 ಕಿಲೋವ್ಯಾಟಿಗೂ ಹೆಚ್ಚು. ಮೂವತ್ತು ಕಿಲೋದಷ್ಟು ಸೂಪರ್‌ಕೆಪಾಸಿಟರ್ ಅದನ್ನು ಹಿಡಿದಿಟ್ಟು ಮುಂದಿನ ಓಟಕ್ಕೆ ಮರಳಿಸಬಲ್ಲದು. ಟೊಯೊಟಾ 2012ರಲ್ಲಿ ಲ ಮಾನ್ 24 ಗಂಟೆಗಳ ರೇಸಿಗೆ ತಂದ ಹೈಬ್ರಿಡ್ ಕಾರಿನಲ್ಲಿ ಇದ್ದದ್ದು ಸೂಪರ್‌ಕೆಪಾಸಿಟರೇ. 2014ರಲ್ಲಿ ಅದರ ಮುಂದಿನ ರೂಪ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್ ಗೆದ್ದಿತು. 2019ರಲ್ಲಿ ಲ್ಯಾಂಬೊರ್ಗಿನಿ ಸಿಯಾನ್ ಬಂತು. 785 ಅಶ್ವಶಕ್ತಿಯ ಎಂಜಿನ್ ಇದ್ದೂ ಅದರ ಗೇರ್‌ಬಾಕ್ಸಿಗೆ ಕೇವಲ 34 ಅಶ್ವಶಕ್ತಿಯ ವಿದ್ಯುತ್ ಮೋಟಾರನ್ನೂ ಸೂಪರ್‌ಕೆಪಾಸಿಟರನ್ನೂ ಜೋಡಿಸಿದ್ದರು. ಆನೆಯ ಮುಂದೆ ಆಡಿನಂತಿದ್ದ ಆ ಮೋಟಾರಿನ ಮುಖ್ಯ ಕೆಲಸ, ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ನಿನ ಎಳೆತ ತಪ್ಪಿದಾಗ ಆ ತೂತನ್ನು ತುಂಬುವುದು. ಇದ್ದಿಲಿನ ಮೂಟೆಗೆ ಊರಿನ ಮುದ್ರೆ ಇರುವುದಿಲ್ಲ, ಆದ್ದರಿಂದ ತಿಪಟೂರಿನ ಚಿಪ್ಪನ್ನು ಸಿಯಾನ್ ಕಾರಿನೊಳಗೆ ಕೂರಿಸಿ ಬೀಗಬೇಕಿಲ್ಲ. ಇನ್ನೂ ಒಂದು ಮಾತನ್ನು ಮುಚ್ಚಿಡುವಂತಿಲ್ಲ: ಟೊಯೊಟಾ 2016ರಲ್ಲಿ ಬ್ಯಾಟರಿಗೆ ಹೊರಳಿತು, ಲ್ಯಾಂಬೊರ್ಗಿನಿ ಕೂಡ 2023ರ ರೆವುವೆಲ್ಟೊದಲ್ಲಿ ಲಿಥಿಯಂ ಬ್ಯಾಟರಿಯನ್ನೇ ಇಟ್ಟಿತು. ಇದರಿಂದ ವಾದ ಬೀಳುವುದಿಲ್ಲ. ಆ ಬ್ಯಾಟರಿಗಳು ಗೆದ್ದದ್ದು ಕಿಲೋಗೆ ಎಷ್ಟು ಬೇಗ ಶಕ್ತಿ ಕೊಡಬಲ್ಲವು ಎಂಬ ಪರೀಕ್ಷೆಯಲ್ಲಿ ತಾವೂ ಮುಂದೆ ಬಂದಿದ್ದರಿಂದ. ರೆವುವೆಲ್ಟೊದ ಬ್ಯಾಟರಿ 3.8 ಯೂನಿಟ್ಟಿನದು, ಸಾಮಾನ್ಯ ಎಲೆಕ್ಟ್ರಿಕ್ ಕಾರಿನದರ ಹತ್ತನೇ ಒಂದಂಶಕ್ಕೂ ಸಣ್ಣದು. ದೂರ ಓಡಿಸಲು ಇಟ್ಟ ಬ್ಯಾಟರಿಯಲ್ಲ ಅದು, ಥಟ್ಟನೆ ದೂಡಲು ಇಟ್ಟದ್ದು.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಥ್ರಿಲ್ಲು ಬರೀ ವೇಗೋತ್ಕರ್ಷವಾದರೆ ಇಂದಿನ ದುಬಾರಿ ಎಲೆಕ್ಟ್ರಿಕ್ ಕಾರುಗಳು ಹಳೆಯ ಸ್ಪೋರ್ಟ್ಸ್ ಕಾರುಗಳನ್ನೆಲ್ಲ ಮೂಲೆಗೆ ತಳ್ಳಬೇಕಿತ್ತು, ಪಿಕಪ್ಪಿನಲ್ಲಿ ಅವು ಅಷ್ಟು ಮುಂದಿವೆ. ಆದರೂ ಅವನ್ನು ಓಡಿಸಿದ ಎಷ್ಟೋ ಪರಿಣತರು ‘ಬೇಗ ಹೋಗುತ್ತೆ, ಆದರೆ ಸಪ್ಪೆ’ ಎನ್ನುತ್ತಾರೆ. ಉತ್ತರದ ಸುಳಿವು ಘಟ್ಟದ ಬಸ್ಸುಗಳಲ್ಲಿದೆ. ಚಾರ್ಮಾಡಿ ಇಳಿಯುವ ಬಸ್ಸಿನಲ್ಲಿ ಪ್ರಯಾಣಿಕರು ಕಿಟಕಿಗೆ ತಲೆಕೊಟ್ಟು ವಾಂತಿ ಮಾಡಿಕೊಳ್ಳುತ್ತಾರೆ. ಅದೇ ತಿರುವು, ಅದೇ ಓಲಾಟ ಅನುಭವಿಸುವ ಡ್ರೈವರಿಗೆ ಏನೂ ಆಗುವುದಿಲ್ಲ. ಹರಳುಗಳು ಎಲ್ಲರ ಕಿವಿಯಲ್ಲೂ ಒಂದೇ ರೀತಿ ಜಾರುತ್ತಿವೆ. ವ್ಯತ್ಯಾಸ ಇಷ್ಟೇ: ಸ್ಟೀರಿಂಗ್ ಹಿಡಿದವರಿಗೆ ಮುಂದಿನ ಓಲಾಟ ಯಾವುದೆಂದು ಮೊದಲೇ ಗೊತ್ತು, ಯಾಕೆಂದರೆ ಅದನ್ನು ಮಾಡುತ್ತಿರುವುದು ಅವರೇ. ಮಿದುಳು ಕೊಟ್ಟ ಅಪ್ಪಣೆಗೂ ಕಿವಿ ತಂದ ಸುದ್ದಿಗೂ ತಾಳೆಯಾಗುತ್ತಿದ್ದರೆ ಅದೇ ಅಲುಗಾಟ ಹಿತವಾಗುತ್ತದೆ. ತಾಳೆ ತಪ್ಪಿದರೆ ಹೊಟ್ಟೆ ತೊಳಸುತ್ತದೆ. ಹೀಗಾಗಿ ಕಾರಿನಿಂದ ಚಾಲಕನಿಗೆ ವಾಪಸು ಬರುವ ಸುದ್ದಿಯೂ ವೇಗೋತ್ಕರ್ಷದಷ್ಟೇ ಮುಖ್ಯ. ಮುಂದಿನ ಟೈರು ಹಿಡಿತದ ಅಂಚಿಗೆ ಬಂದಾಗ ಸ್ಟೀರಿಂಗ್ ಹಗುರಾಗುವುದು, ಹಿಂಬದಿ ಜಾರುವ ಮುನ್ನ ಸೀಟಿನ ಮೂಲಕ ಸೊಂಟಕ್ಕೆ ತಿಳಿಯುವುದು, ಎಂಜಿನ್ನಿನ ಸ್ವರ ಏರಿ ಗೇರು ಬೇಡುವುದು, ಇವೆಲ್ಲ ಆ ಸುದ್ದಿಗಳೇ. ಎರಡು ಟನ್ನಿನ ಸದ್ದಿಲ್ಲದ ಕಾರಿನಲ್ಲಿ ಪಿಕಪ್ ಹೇರಳ, ಸುದ್ದಿ ಕಡಿಮೆ.

ಹ್ಯುಂಡೈ 2023ರಲ್ಲಿ ತಂದ ಅಯಾನಿಕ್ 5 ಎನ್ ಈ ವಿವರಣೆಗೆ ಪುರಾವೆಯಂತಿದೆ. ಸುಮಾರು 2,200 ಕಿಲೋ ತೂಕದ, ಆರುನೂರಕ್ಕೂ ಹೆಚ್ಚು ಅಶ್ವಶಕ್ತಿಯ ಈ ಎಲೆಕ್ಟ್ರಿಕ್ ಕಾರಿಗೆ ಬದಲಾಯಿಸುವ ಗೇರುಗಳೇ ಇಲ್ಲ. ಆದರೂ ಎಂಟು ಗೇರುಗಳಿದ್ದಂತೆ ಅದು ನಟಿಸುತ್ತದೆ: ಸ್ಟೀರಿಂಗಿನ ಹಿಂದಿನ ಪಟ್ಟಿ ಎಳೆದರೆ ಸಾಫ್ಟ್‌ವೇರು ಮೋಟಾರಿನ ಎಳೆತವನ್ನು ಕ್ಷಣಕಾಲ ತಗ್ಗಿಸಿ ಮತ್ತೆ ಕೊಡುತ್ತದೆ, ಸ್ಪೀಕರು ಎಂಜಿನ್ನಿನ ಸದ್ದು ಹೊರಡಿಸುತ್ತದೆ. ಗೇರಿನ ಜರ್ಕನ್ನು ಅಳಿಸಲು ಸಿಯಾನ್ ಸೂಪರ್‌ಕೆಪಾಸಿಟರ್ ಹೊತ್ತರೆ, ಇಲ್ಲದ ಜರ್ಕನ್ನು ಹುಟ್ಟಿಸಲು ಅಯಾನಿಕ್ ಕಂಪ್ಯೂಟರ್ ದುಡಿಸುತ್ತದೆ. ಮೇಲುನೋಟಕ್ಕೆ ಒಂದರ ಬುದ್ಧಿವಂತಿಕೆ ಇನ್ನೊಂದರ ಹುಚ್ಚು. ಆದರೆ ಸಿಯಾನ್ ಅಳಿಸಿದ್ದು ಚಾಲಕ ಕೇಳದಿದ್ದ ತಡೆಯನ್ನು, ಅಯಾನಿಕ್ ಕೊಡುತ್ತಿರುವುದು ಆತನ ಬೆರಳು ಕೇಳಿದ ಉತ್ತರವನ್ನು. ನಾಟಕವೆಂದು ಮೂಗು ಮುರಿಯುವವರಿದ್ದಾರೆ. ಬೇಡದವರು ಒಂದು ಗುಂಡಿ ಒತ್ತಿ ಅದನ್ನು ಆರಿಸಬಹುದು, ಆಗಲೂ ಕಾರಿನ ಪಿಕಪ್ ಕಡಿಮೆಯಾಗುವುದಿಲ್ಲ. ತಾನೇ ಓಡುವ ಕಾರುಗಳನ್ನು ಮಾಡುವ ಎಂಜಿನಿಯರುಗಳ ಮುಂದಿರುವುದು ಇದರ ತಿರುವುಮುರುವಾದ ಲೆಕ್ಕ. ಅಲ್ಲಿ ಎಲ್ಲರೂ ಪ್ರಯಾಣಿಕರೇ, ಅಪ್ಪಣೆ ಕೊಡುವವರು ಯಾರೂ ಇಲ್ಲ. ಹಾಗಾಗಿ ಅವರು ಟೈರು ಎಷ್ಟು ತಾಳುತ್ತದೆ ಎಂದು ನೋಡುವ ಬದಲು ಹೊಟ್ಟೆ ಎಷ್ಟು ತಾಳುತ್ತದೆ ಎಂದು ನೋಡಿ ವೇಗೋತ್ಕರ್ಷಕ್ಕೂ ಜರ್ಕಿಗೂ ಮಿತಿ ಹಾಕುತ್ತಾರೆ, ಮತ್ತು ಆ ಮಿತಿ ಯಾವ ಸಾಧಾರಣ ಟೈರಿನ ಸಾಮರ್ಥ್ಯಕ್ಕಿಂತಲೂ ಎಷ್ಟೋ ಕೆಳಗಿರುತ್ತದೆ.